ಹಳೇ ಬೈಕಿಗೆ ಅಳತೆಗೆ ತಕ್ಕ ಬ್ರೇಕ್ ಹೋಸ್: ಮಾಡಿಸೋದಾ, ನಾವೇ ಜೋಡಿಸೋದಾ?

ಎರಡುಚಕ್ರ

1980ರ ದಶಕದ ಆರಂಭದ ಜಪಾನಿ ಬೈಕ್ ಒಂದನ್ನ ಮತ್ತೆ ರಸ್ತೆಗಿಳಿಸೋ ಕೆಲಸದಲ್ಲಿದ್ದೀನಿ. ಮುಂದೆ ಎರಡು ಡಿಸ್ಕ್, ಹಿಂದೆ ಒಂದು. ರಬ್ಬರ್ ಹೋಸ್‌ಗಳೆಲ್ಲ ಮೂಲದ್ದೇ, ಮಡಚಿ ನೋಡಿದ್ರೆ ಬ್ಯಾಂಜೋ (ಹೋಸ್ ತುದಿಯಲ್ಲಿ ಬೋಲ್ಟ್ ತೂರೋ ಉಂಗುರದಂಥ ಫಿಟ್ಟಿಂಗ್) ಹತ್ರ ಕೂದಲೆಳೆಯಂಥ ಬಿರುಕು ಕಾಣುತ್ತೆ. ಕಂಪನಿ ಈ ಭಾಗ ಮಾಡೋದನ್ನ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಹ್ಯಾಂಡಲ್‌ಬಾರ್ ಕೂಡ ಎತ್ತರದ್ದು ಹಾಕಿರೋದ್ರಿಂದ ಮೂಲ ಉದ್ದ ಹೇಗೂ ಸಾಲಲ್ಲ.

ನನಗೆ ಕಾಣೋ ದಾರಿ ಮೂರು. ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಹೈಡ್ರಾಲಿಕ್ ಪೈಪ್ ಒತ್ತಿಕೊಡೋರ ಹತ್ರ ಮಾಡಿಸೋದು. ಅಳತೆ ಕಳಿಸಿ ಬ್ರೇಕ್ ಹೋಸ್ ತಯಾರಕರಿಂದಲೇ ತರಿಸೋದು. ಇಲ್ಲಾ ಸ್ಟೀಲ್ ಬ್ರೇಡೆಡ್ (ಸ್ಟೀಲ್ ತಂತಿ ಹೆಣೆದ) ಹೋಸ್, ಫಿಟ್ಟಿಂಗ್ ಬಿಡಿಬಿಡಿಯಾಗಿ ತಂದು ಮನೆಯಲ್ಲೇ ಜೋಡಿಸೋದು. ಇದರಲ್ಲಿ ಯಾವುದನ್ನ ನಂಬಬಹುದು?

ಇನ್ನೊಂದು ವಿಷಯ. ಬ್ರೇಕ್ ಹಿಡಿದು ಬಿಟ್ಟ ಮೇಲೆ ಮುಂದಿನ ಎಡ ಕ್ಯಾಲಿಪರ್ (ಡಿಸ್ಕನ್ನ ಒತ್ತಿ ಹಿಡಿಯೋ ಭಾಗ) ತಕ್ಷಣ ಸಡಿಲ ಆಗಲ್ಲ. ಇದೂ ಹೋಸ್‌ನಿಂದ್ಲೇ ಇರಬಹುದಾ?

ಲೇತ್‌ಮೇಷ್ಟ್ರು

ಮೊದಲನೇ ದಾರಿಯನ್ನು ಈಗಲೇ ಕೈಬಿಡಿ. ಒತ್ತಡ ತಡೆಯುವ ಶಕ್ತಿ ಆ ಪೈಪಿಗೆ ಧಾರಾಳವಾಗಿದೆ, ತೊಂದರೆ ಇರುವುದು ಒಳಪದರದಲ್ಲಿ. ಅರ್ಥ್‌ಮೂವರ್ ಹೋಸ್‌ಗಳ ಒಳಗೆ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್ ಇರುತ್ತದೆ, ಅದು ಖನಿಜ ತೈಲಕ್ಕೆಂದೇ ಮಾಡಿದ್ದು. ನಮ್ಮ ಡಾಟ್ 3, ಡಾಟ್ 4 ಬ್ರೇಕ್ ದ್ರವಗಳು ಗ್ಲೈಕಾಲ್ ಆಧಾರಿತ. ಗ್ಲೈಕಾಲ್ ತಾಗಿದರೆ ನೈಟ್ರೈಲ್ ಊದಿಕೊಂಡು ಮೆತ್ತಗಾಗುತ್ತದೆ. ಬ್ರೇಕ್ ಹೋಸಿಗೆ ಬೇಕಾದದ್ದು ಇಪಿಡಿಎಂ ರಬ್ಬರ್ ಅಥವಾ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಒಳಪದರ. ಇದರ ತಿರುಗಾಮುರುಗಾ ಕೂಡ ನೆನಪಿರಲಿ: ಇಪಿಡಿಎಂ ಸೀಲ್‌ಗೆ ಎಂಜಿನ್ ಆಯಿಲೋ ಗ್ರೀಸೋ ತಾಗಿದರೆ ಆ ಸೀಲ್ ಊದುತ್ತದೆ. ಆದ್ದರಿಂದ ಕ್ಯಾಲಿಪರ್ ಒಳಭಾಗಕ್ಕೆ ಮಾಮೂಲಿ ಗ್ರೀಸ್ ಹಚ್ಚಬೇಡಿ.

ಅದೇ ಅಂಗಡಿಯಲ್ಲಿ ಪಿಟಿಎಫ್‌ಇ ಹೋಸ್ ಇದೆ, ಬ್ರೇಕಿಗೆ ಅಂತಲೇ ಮಾಡಿದ ಫಿಟ್ಟಿಂಗ್ ಇದೆ, ಆ ಹೋಸಿನ ತಯಾರಕರು ಹೇಳಿದ ಡೈನಲ್ಲೇ (ಅಚ್ಚಿನಲ್ಲೇ) ಕ್ರಿಂಪ್ ಮಾಡುತ್ತಾರೆ, ಅಂದರೆ ಫಿಟ್ಟಿಂಗನ್ನು ಒತ್ತಿ ಬಿಗಿಮಾಡುತ್ತಾರೆ, ಅಂದರೆ ಮಾತು ಬೇರೆ. ಕೇಳಿ ನೋಡಿ. ಉತ್ತರದಲ್ಲಿ ತಡವರಿಕೆ ಕಂಡರೆ ಹೊರಟುಬಿಡಿ.

ಮಳೆಸವಾರ

ಹೋಸ್ ಆರ್ಡರ್ ಮಾಡೋಕೆ ಮುಂಚೆ ಎಡ ಕ್ಯಾಲಿಪರ್ ಯಾಕೆ ಹಿಡೀತಿದೆ ಅಂತ ಪತ್ತೆ ಮಾಡಿ. ಅರ್ಧ ಗಂಟೆ ಕೆಲಸ.

ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಬ್ರೇಕ್ ಒತ್ತಿ ಬಿಡಿ, ಚಕ್ರ ಬಿಗಿ ಇರುವಾಗಲೇ ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ದ್ರವವನ್ನ ತಳ್ಳೋ ಭಾಗ) ಹತ್ರದ ಬ್ಯಾಂಜೋ ಬೋಲ್ಟನ್ನ ಸ್ವಲ್ಪ ಸಡಿಲಿಸಿ. ಕೆಳಗೆ ಬಟ್ಟೆ ಹಾಸಿರಬೇಕು, ಬ್ರೇಕ್ ದ್ರವ ಪೇಂಟನ್ನ ತಿಂದು ಹಾಕುತ್ತೆ. ಅಲ್ಲಿ ಸಡಿಲಿಸಿದ ತಕ್ಷಣ ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರ್‌ನಲ್ಲಿದೆ. ಹೆಚ್ಚಾಗಿ ದ್ರವ ವಾಪಸ್ ಟ್ಯಾಂಕಿಗೆ ಹೋಗೋ ಸೂಜಿಮೊನೆಯಷ್ಟು ಸಣ್ಣ ರಂಧ್ರ ಕಟ್ಟಿಕೊಂಡಿರುತ್ತೆ. ಅಲ್ಲಿ ಬಿಡದೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಗಾಳಿ, ದ್ರವ ಹೊರಬಿಡೋ ಸಣ್ಣ ತಿರುಪು) ತೆರೆದಾಗ ಬಿಟ್ಟರೆ ಮಧ್ಯದ ಹೋಸ್‌ನೇ ಒತ್ತಡವನ್ನ ಹಿಡಿದಿಟ್ಟಿದೆ ಅಂತ ಅರ್ಥ. ಹಳೇ ರಬ್ಬರ್ ಒಳಗಡೆ ಪದರ ಬಿಟ್ಟು ನಾಲಿಗೆ ಥರ ಎದ್ದಿರುತ್ತೆ. ನಮ್ಮ ಕೈಬಲಕ್ಕೆ ದ್ರವ ಕೆಳಕ್ಕೆ ನುಗ್ಗುತ್ತೆ, ವಾಪಸ್ ಬರೋವಾಗ ತಳ್ಳೋ ಬಲ ಕಡಿಮೆ, ಹಾಗಾಗಿ ಅಲ್ಲೇ ನಿಲ್ಲುತ್ತೆ. ನಿಪ್ಪಲ್ ತೆರೆದರೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ನೋ ಸ್ಲೈಡ್ ಪಿನ್ನೋ ತುಕ್ಕು ಹಿಡಿದು ಕೂತಿದೆ. ಆಗ ಎಷ್ಟು ಒಳ್ಳೇ ಹೋಸ್ ಹಾಕಿದ್ರೂ ಉಪಯೋಗ ಇಲ್ಲ.

ಎರಡೂ ಕಡೆಗೆ ಮಾಸ್ಟರ್ ಒಂದೇ, ಹಿಡೀತಿರೋದು ಎಡಗಡೆ ಮಾತ್ರ. ಹಾಗಾಗಿ ನನಗೆ ಮಾಸ್ಟರ್ ಮೇಲೆ ಅನುಮಾನ ಕಡಿಮೆ.

ಬಾಂಜೋಬೋಲ್ಟ್

ಹೋಸ್ ಯಾವುದು ಅನ್ನೋದಕ್ಕಿಂತ ಅದರ ಎರಡು ತುದಿ ಯಾವುದು ಅನ್ನೋದರಲ್ಲೇ ಜನ ಎಡವೋದು. ಇದನ್ನ ವಿವರವಾಗಿ ಹೇಳ್ತೀನಿ.

ಹಳೇ ಬೈಕುಗಳಲ್ಲಿ ಸಿಗೋ ಬ್ಯಾಂಜೋ ಬೋಲ್ಟ್ ಮುಖ್ಯವಾಗಿ ಮೂರು ಬಗೆ. ಜಪಾನಿ ಗಾಡಿಗಳಲ್ಲಿ ಬಹುತೇಕ ಎಂ10 (ಹೊರವ್ಯಾಸ 10 ಮಿಮೀ), ಪಿಚ್ ಅಂದ್ರೆ ಥ್ರೆಡ್ಡಿಂದ ಥ್ರೆಡ್ಡಿಗೆ ಅಂತರ 1.25 ಮಿಮೀ. ಬ್ರೆಂಬೊ ಕಂಪನಿಯ ಬ್ರೇಕ್ ಹಾಕಿದ ಇಟಾಲಿಯನ್ ಗಾಡಿಗಳಲ್ಲಿ ಎಂ10, ಪಿಚ್ 1.0. ಹಳೇ ಬ್ರಿಟಿಷ್ ಮತ್ತು ಅಮೆರಿಕನ್ ಗಾಡಿಗಳಲ್ಲಿ 3/8 ಇಂಚು, ಇಂಚಿಗೆ 24 ಥ್ರೆಡ್. ಈ ಮೂರನೇದರ ಹೊರವ್ಯಾಸ 9.525 ಮಿಮೀ, ಪಿಚ್ 1.058 ಮಿಮೀ. ಅಂದ್ರೆ ಎಂ10, 1.0 ಪಿಚ್‌ನ ರಂಧ್ರಕ್ಕೆ ಇದು ಸಲೀಸಾಗಿ ಒಳಗೆ ಹೋಗುತ್ತೆ, ಬಿಗಿಯಾದ ಹಾಗೂ ಅನಿಸುತ್ತೆ, ಆದ್ರೆ ಥ್ರೆಡ್ಡುಗಳು ಪೂರ್ತಿ ಕಚ್ಚಿಕೊಂಡಿರಲ್ಲ. ಜೋರಾಗಿ ಬ್ರೇಕ್ ಹಿಡಿದ ದಿನ ಅದು ಕಿತ್ತು ಬರಬಹುದು. ನಲವತ್ತು ವರ್ಷದ ಗಾಡಿಗೆ ಎಷ್ಟು ಕೈ ತಾಗಿವೆಯೋ ಯಾರಿಗೆ ಗೊತ್ತು? ಹಿಂದಿನವರು ಬೇರೆ ಗಾಡಿಯ ಮಾಸ್ಟರ್ ಸಿಲಿಂಡರ್ ಹಾಕಿರಬಹುದು. ಹಾಗಾಗಿ ಗಾಡಿ ಮಾದರಿ ನೋಡಿ ಊಹಿಸಬೇಡಿ. ಪ್ರತಿ ಬೋಲ್ಟಿಗೂ ಥ್ರೆಡ್ ಗೇಜ್ ಇಟ್ಟು, ವರ್ನಿಯರ್ ಕ್ಯಾಲಿಪರಿನಲ್ಲಿ (ಅಳತೆ ಸಾಧನ) ವ್ಯಾಸ ಅಳೆದು ಬರೆದುಕೊಳ್ಳಿ. ಮುಂದೆ ಒಂದು ಥರ, ಹಿಂದೆ ಇನ್ನೊಂದು ಥರ ಇದ್ದರೂ ಆಶ್ಚರ್ಯ ಇಲ್ಲ.

ಬೋಲ್ಟಿನ ಉದ್ದವೂ ಮುಖ್ಯ. ಹೊಸ ಬ್ಯಾಂಜೋ ಕಣ್ಣಿನ ದಪ್ಪ ಹಳೇದಕ್ಕಿಂತ ಕಡಿಮೆ ಇದ್ದರೆ, ಬೋಲ್ಟ್ ವಾಷರನ್ನ ಒತ್ತೋ ಮುಂಚೆಯೇ ರಂಧ್ರದ ತಳ ಮುಟ್ಟಿಬಿಡುತ್ತೆ. ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತೆ, ದ್ರವ ಮಾತ್ರ ಜಿನುಗ್ತಾ ಇರುತ್ತೆ. ಬೋಲ್ಟಿನ ಅಡ್ಡ ರಂಧ್ರ ಬ್ಯಾಂಜೋ ಕಣ್ಣಿನ ಒಳಗೇ ಬೀಳ್ತಿದೆಯಾ ಅಂತಲೂ ನೋಡಿ.

ತಾಮ್ರ ಇರಲಿ, ಅಲ್ಯೂಮಿನಿಯಂ ಇರಲಿ, ವಾಷರ್ ಪ್ರತಿ ಸಲ ಹೊಸದು. ಒಂದು ಬ್ಯಾಂಜೋಗೆ ಎರಡು, ಒಂದೇ ಬೋಲ್ಟಿನಲ್ಲಿ ಎರಡು ಬ್ಯಾಂಜೋ ಕೂರಿಸಿದ್ರೆ ಮೂರು.

ಎರಡುಚಕ್ರ

ಎಲ್ಲರಿಗೂ ಧನ್ಯವಾದ. ಮಳೆಸವಾರ ಹೇಳಿದ ಹಾಗೇ ಮಾಡಿದೆ. ಮಾಸ್ಟರ್ ಹತ್ರ ಸಡಿಲಿಸಿದಾಗ ಏನೂ ಆಗಲಿಲ್ಲ, ಎಡ ನಿಪ್ಪಲ್ ತೆರೆದ ಕೂಡ್ಲೇ ಚಕ್ರ ಬಿಟ್ಟಿತು. ಹೋಸ್‌ದೇ ದೋಷ. ಬೋಲ್ಟುಗಳೆಲ್ಲ 1.25 ಪಿಚ್, ಗೇಜ್ ಇಟ್ಟು ನೋಡಿದೆ.

ಮೂಲ ವ್ಯವಸ್ಥೆಯಲ್ಲಿ ಮಾಸ್ಟರ್‌ನಿಂದ ಒಂದೇ ಹೋಸ್ ಕೆಳಗೆ ಬಂದು, ಸ್ಟೀರಿಂಗ್ ಕೆಳಗಿನ ಜಾಯಿಂಟ್ ಬ್ಲಾಕ್‌ನಲ್ಲಿ ಎರಡಾಗಿ ಒಡೆಯುತ್ತೆ. ಅದೇ ಬ್ಲಾಕ್‌ನಲ್ಲಿ ಬ್ರೇಕ್ ಲೈಟ್ ಸ್ವಿಚ್ ಕೂಡ ಇದೆ. ಇದನ್ನ ಹಾಗೇ ಉಳಿಸಬೇಕಾ, ಅಥವಾ ಮಾಸ್ಟರ್‌ನಿಂದಲೇ ಎರಡು ಉದ್ದ ಹೋಸ್ ಇಳಿಸಬೇಕಾ?

ಲೇತ್‌ಮೇಷ್ಟ್ರು

ಎರಡೂ ಸರಿಯಾದ ಪದ್ಧತಿಗಳೇ. 1969ರ ಹೋಂಡಾ ಸಿಬಿ750 ಮುಂದಿನ ಹೈಡ್ರಾಲಿಕ್ ಡಿಸ್ಕನ್ನು ದೊಡ್ಡ ಪ್ರಮಾಣದ ಉತ್ಪಾದನೆಗೆ ತಂದಾಗಲೇ ಸ್ಟೀರಿಂಗ್ ಕೆಳಗೆ ಇಂಥ ಜಾಯಿಂಟ್, ಅದರಲ್ಲಿ ಒತ್ತಡದ ಸ್ವಿಚ್ ಇಟ್ಟಿದ್ದರು. ಬ್ಲಾಕ್ ಉಳಿಸಿಕೊಂಡರೆ ಲೈಟಿನ ವೈರಿಂಗ್ ಮುಟ್ಟಬೇಕಿಲ್ಲ, ಮಾಸ್ಟರ್ ಬಳಿ ಒಂದೇ ಹೋಸ್ ಇರುವುದರಿಂದ ಹ್ಯಾಂಡಲ್ ತಿರುಗುವಾಗ ಎಳೆತವೂ ಕಡಿಮೆ. ಅದನ್ನು ತೆಗೆದು ಎರಡು ನೇರ ಹೋಸ್ ಹಾಕಿದರೆ ಜೋಡಣೆಗಳ ಸಂಖ್ಯೆ ಇಳಿಯುತ್ತದೆ, ಗಾಳಿ ಸಿಕ್ಕಿಕೊಳ್ಳುವ ಮೂಲೆಗಳೂ ಇಳಿಯುತ್ತವೆ.

ಮೂರನೇ ಪದ್ಧತಿಯೂ ಒಂದಿದೆ. ಮಾಸ್ಟರ್‌ನಿಂದ ಬಲ ಕ್ಯಾಲಿಪರಿಗೆ ಒಂದು ಹೋಸ್, ಅಲ್ಲಿಂದ ಮಡ್‌ಗಾರ್ಡ್ ಮೇಲೆ ಹಾದು ಎಡ ಕ್ಯಾಲಿಪರಿಗೆ ಇನ್ನೊಂದು. ನೋಡಲು ಅಚ್ಚುಕಟ್ಟು, ಆದರೆ ಮಡ್‌ಗಾರ್ಡ್ ಮೇಲಿನ ಆ ಕಮಾನಿನ ತುದಿಯಲ್ಲಿ ಗಾಳಿಗುಳ್ಳೆ ಕೂತರೆ ಹೊರತರಲು ತಾಳ್ಮೆ ಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಬ್ಲಾಕನ್ನು ತೆಗೆಯುತ್ತೇನೆ. ಹಳೆಯ ಬ್ಲಾಕಿನ ಸೀಟುಗಳು ತುಕ್ಕಿನಿಂದ ಗುಳಿಬಿದ್ದಿರುವುದನ್ನು ಸಾಕಷ್ಟು ಕಂಡಿದ್ದೇನೆ.

ಹಳೇಲೋಹ

ಎಲ್ಲರೂ ನೇರವಾಗಿ ಸ್ಟೀಲ್ ಬ್ರೇಡೆಡ್ ಕಡೆಗೇ ಹೊರಟಿದ್ದೀರಿ, ಅದಕ್ಕೆ ನನ್ನ ಆಕ್ಷೇಪ ಇದೆ. ಹೊಸ ಇಪಿಡಿಎಂ ರಬ್ಬರ್ ಹೋಸ್ ಒಳ್ಳೆಯ ವಸ್ತು. ಮೂಲ ರೂಪವನ್ನು ಉಳಿಸಬೇಕು ಅನ್ನುವವರಿಗೆ ಅದೇ ಸರಿ. ಬ್ರೇಡೆಡ್ ಹಾಕಿದರೆ ಬ್ರೇಕಿನ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಸರಿಯಲ್ಲ. ಒತ್ತಡದಲ್ಲಿ ಹೋಸ್ ಹಿಗ್ಗುವುದು ಕಡಿಮೆಯಾಗುತ್ತದೆ, ಲಿವರ್ ಗಟ್ಟಿಯಾಗುತ್ತದೆ, ಅಷ್ಟೆ. ಶಕ್ತಿಯನ್ನು ನಿರ್ಧರಿಸುವುದು ಪಿಸ್ಟನ್‌ಗಳ ಅನುಪಾತ. ಮಾಸ್ಟರ್ ಪಿಸ್ಟನ್ 16 ಮಿಮೀಯಿಂದ 14ಕ್ಕೆ ಇಳಿದರೆ ವಿಸ್ತೀರ್ಣ 201 ಚದರ ಮಿಮೀಯಿಂದ 154ಕ್ಕೆ ಬರುತ್ತದೆ, ಅದೇ ಕೈಬಲಕ್ಕೆ ಒತ್ತಡ ಸುಮಾರು 30 ಶೇಕಡಾ ಏರುತ್ತದೆ. ಅದಕ್ಕೆ ಬೆಲೆಯಾಗಿ ಲಿವರ್ ಹೆಚ್ಚು ದೂರ ಚಲಿಸುತ್ತದೆ. ಹೋಸ್ ಬದಲಿಸಿ ಇಂಥ ಫಲ ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ.

"ಹಳೇ ಸ್ಟಾಕ್, ಬಳಸಿಲ್ಲ" ಅಂತ ಮಾರುವ ರಬ್ಬರ್ ಹೋಸನ್ನಂತೂ ಕೊಳ್ಳಲೇಬೇಡಿ. ಹಲವು ಜಪಾನಿ ಕಂಪನಿಗಳ ಕೈಪಿಡಿಗಳು ಬ್ರೇಕ್ ಹೋಸನ್ನು 4 ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಡಬ್ಬಿಯಲ್ಲಿ ಇಟ್ಟ ಮಾತ್ರಕ್ಕೆ ರಬ್ಬರಿಗೆ ವಯಸ್ಸಾಗದೆ ಇರುವುದಿಲ್ಲ.

ಬಾಂಜೋಬೋಲ್ಟ್

ಹಳೇಲೋಹ, ಶಕ್ತಿಯ ವಿಷಯದಲ್ಲಿ ನಿಮ್ಮ ಮಾತನ್ನ ಪೂರ್ತಿ ಒಪ್ತೀನಿ. ಆದ್ರೂ ಎತ್ತರದ ಹ್ಯಾಂಡಲ್‌ಬಾರ್ ಇರೋ ಗಾಡೀಲಿ ಹೋಸ್ ಉದ್ದ ಆದಷ್ಟೂ ಹಿಗ್ಗೋದೂ ಜಾಸ್ತಿ. ಬ್ರೇಡೆಡ್‌ನ ಬೆಲೆ ಅಲ್ಲೇ ಗೊತ್ತಾಗೋದು. ಬ್ರೇಕಿಗೆ ಬಳಸೋ 3ನೇ ನಂಬರ್ ಹೋಸಿನ ಒಳವ್ಯಾಸ 3.2 ಮಿಮೀ ಅಷ್ಟೇ. ಹರಿಯೋ ದ್ರವ ತುಂಬಾ ಕಡಿಮೆ ಇರೋದ್ರಿಂದ ಅಷ್ಟು ಸಾಕು, ದೊಡ್ಡ ಹೋಸ್ ಹುಡುಕಬೇಡಿ.

ಎರಡುಚಕ್ರ

ಬ್ರೇಡೆಡ್ ಅಂತ ತೀರ್ಮಾನ ಮಾಡಿದೆ, ಬ್ಲಾಕ್ ತೆಗೆಯೋದು ಅಂತಲೂ. ಈಗ ಅಳತೆ ಹೇಗೆ ತಗೊಳ್ಳಲಿ? ಹಳೇ ಹೋಸ್ ಮೇಲೆ ಟೇಪ್ ಹಿಡಿದ್ರೆ ಸಾಕಾ?

ಮಳೆಸವಾರ

ಹಳೇದನ್ನ ಅಳೆದ್ರೆ ಹಳೇ ದಾರಿಯ ಉದ್ದ ಸಿಗುತ್ತೆ, ನಿಮಗೆ ಬೇಕಿರೋದು ಹೊಸ ದಾರಿಯದ್ದು. ಹೋಸಿನಷ್ಟೇ ದಪ್ಪ ಇರೋ, ಸ್ವಲ್ಪ ಬಿರುಸಾದ ವಿದ್ಯುತ್ ಕೇಬಲ್ ತಗೊಳ್ಳಿ. ಅದನ್ನ ಮಾಸ್ಟರ್‌ನಿಂದ ಕ್ಯಾಲಿಪರ್‌ವರೆಗೆ ನಿಜವಾದ ಹೋಸ್ ಹೇಗೆ ಹೋಗಬೇಕೋ ಹಾಗೇ ಕಟ್ಟಿ. ಅಳೆಯೋದು ಬ್ಯಾಂಜೋ ಕಣ್ಣಿನ ಮಧ್ಯದಿಂದ ಇನ್ನೊಂದು ಕಣ್ಣಿನ ಮಧ್ಯಕ್ಕೆ. ಆದ್ರೆ ಕೆಲವು ತಯಾರಕರು ಹೋಸಿನ ಉದ್ದವನ್ನ ಮಾತ್ರ ಕೇಳ್ತಾರೆ, ಅದನ್ನ ಮೊದಲೇ ವಿಚಾರಿಸಿ.

ಗಾಡಿಯನ್ನ ಎತ್ತಿ, ಮುಂದಿನ ಚಕ್ರ ನೆಲ ಬಿಟ್ಟಿರಬೇಕು. ಫೋರ್ಕ್ ಪೂರ್ತಿ ಚಾಚಿದಾಗಲೇ ಹೋಸಿಗೆ ಅತಿ ಹೆಚ್ಚು ಉದ್ದ ಬೇಕಾಗೋದು. ಸ್ಟ್ಯಾಂಡ್ ಮೇಲೆ ನಿಂತ ಗಾಡೀಲಿ ಅಳೆದು, ಆಮೇಲೆ ಹಳ್ಳಕ್ಕೆ ಇಳಿದು ಎದ್ದಾಗ ಹೋಸ್ ಬಿಗಿಯಾಗಿ ಎಳೆದರೆ ಬ್ಯಾಂಜೋ ಕುತ್ತಿಗೆ ಮೇಲೆ ಭಾರ ಬೀಳುತ್ತೆ. ಫೋರ್ಕ್ ಚಾಚಿರುವಾಗಲೇ ಹ್ಯಾಂಡಲನ್ನ ಎಡದ ಕೊನೆಗೆ, ಬಲದ ಕೊನೆಗೆ ತಿರುಗಿಸಿ ಎಲ್ಲೂ ಎಳೆತ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಗಾಡಿ ಇಳಿಸಿ, ಫೋರ್ಕ್ ಒತ್ತಿ, ಉಳಿದ ಕೇಬಲ್ ಸಡಿಲವಾಗಿ ಟೈರಿನ ಕಡೆಗೋ ಫೋರ್ಕ್ ಬ್ರಾಕೆಟ್ ಕಡೆಗೋ ಬಾಗ್ತಿದೆಯಾ ನೋಡಿ. ಹಿಂದಿನ ಬ್ರೇಕಿಗೂ ಇದೇ ಕ್ರಮ, ಸ್ವಿಂಗ್‌ಆರ್ಮ್ ಪೂರ್ತಿ ಕೆಳಗೆ ಜೋತಿರಬೇಕು.

ಕೋನಗಳನ್ನೂ ಬರೆದುಕೊಳ್ಳಿ. ಬ್ಯಾಂಜೋ ನೇರ, 20 ಡಿಗ್ರಿ, 45, 90 ಹೀಗೆ ಹಲವು ಬಗೆ ಇವೆ. ಎರಡು ತುದಿಯ ಬ್ಯಾಂಜೋಗಳು ಪರಸ್ಪರ ಯಾವ ದಿಕ್ಕಿಗೆ ಮುಖ ಮಾಡಿರಬೇಕು ಅನ್ನೋದೂ ಮುಖ್ಯ, ಯಾಕಂದ್ರೆ ಬ್ರೇಡೆಡ್ ಹೋಸ್ ಬಾಗುತ್ತೆ, ತಿರುಚೋದನ್ನ ಮಾತ್ರ ಸಹಿಸಲ್ಲ. ಕೆಲವು ಫಿಟ್ಟಿಂಗ್ ಜೋಡಿಸಿದ ಮೇಲೂ ತಿರುಗಿಸಿ ಹೊಂದಿಸಬಹುದಾದವು, ಅವು ಸಿಕ್ಕರೆ ಕೆಲಸ ಹಗುರ.

ಹಳೇಲೋಹ

ಇಷ್ಟನ್ನು ಸೇರಿಸುತ್ತೇನೆ: ಹೊರಹೊದಿಕೆ ಇಲ್ಲದ ಸ್ಟೀಲ್ ಹೆಣಿಗೆ ಅರದ ಹಾಗೆ ಕೆಲಸ ಮಾಡುತ್ತದೆ. ಫೋರ್ಕ್ ಟ್ಯೂಬ್, ಟ್ಯಾಂಕ್, ವೈರ್ ಏನೇ ತಾಗಿದರೂ ಸವೆಸುತ್ತದೆ. ಪಿವಿಸಿ ಹೊದಿಕೆ ಇರುವುದನ್ನೇ ಕೊಳ್ಳಿ, ಮೂಲ ಕ್ಲಿಪ್ ಜಾಗಗಳಲ್ಲಿ ರಬ್ಬರ್ ಗ್ರಾಮೆಟ್ ಹಾಕಿ ಹಿಡಿಸಿ. ಕಪ್ಪು ಹೊದಿಕೆಯದ್ದು ದೂರದಿಂದ ಮೂಲ ರಬ್ಬರಿನಂತೆಯೇ ಕಾಣುತ್ತದೆ.

ಎರಡುಚಕ್ರ

ಮನೇಲಿ ಜೋಡಿಸೋ ಬಗ್ಗೆ ಏನಂತೀರಾ? ಕಿಟ್ ನೋಡಿದೆ, ಸರಳವಾಗಿದೆ ಅನಿಸ್ತು.

ಲೇತ್‌ಮೇಷ್ಟ್ರು

ಸರಳವೇ, ಆದರೆ ಒಂದು ಹಂತ ತಪ್ಪಿದರೂ ಅದು ಹೊರಗಿನಿಂದ ಕಾಣುವುದಿಲ್ಲ. ವಿಧಾನವನ್ನು ಹೇಳುತ್ತೇನೆ, ಓದಿ ನೀವೇ ನಿರ್ಧರಿಸಿ.

ಹೋಸನ್ನು ಕತ್ತರಿಸುವ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿ, ನುಣುಪು ಹಲ್ಲಿನ ಗರಗಸದಿಂದಲೋ ತೆಳು ಕಟಿಂಗ್ ಡಿಸ್ಕಿನಿಂದಲೋ ಲಂಬವಾಗಿ ಕತ್ತರಿಸಬೇಕು. ತುದಿಯ ಹೊರಹೊದಿಕೆಯನ್ನು ಬೇಕಾದಷ್ಟು ಸುಲಿಯಿರಿ. ಕತ್ತರಿಸಿದ ಪುಡಿಯನ್ನು ಹೋಸಿನೊಳಗಿಂದ ಪೂರ್ತಿ ಊದಿ ತೆಗೆಯಿರಿ. ಒಂದು ಲೋಹದ ಚೂರು ಮಾಸ್ಟರಿನ ಸೀಲ್ ತಲುಪಿದರೆ ಆ ಸೀಲ್ ಹಾಳಾದಂತೆಯೇ. ಎರಡನೇ ತುದಿಯ ಕೆಲಸಕ್ಕೆ ಮುಂಚೆ ಎರಡೂ ಸಾಕೆಟ್ ನಟ್‌ಗಳನ್ನು ಹೋಸಿಗೆ ಪೋಣಿಸಿಕೊಳ್ಳಬೇಕು. ನಂತರ ಸ್ಟೀಲ್ ಹೆಣಿಗೆಯನ್ನು ಹೊರಕ್ಕೆ ಅರಳಿಸಿ, ಒಳಗಿನ ಟೆಫ್ಲಾನ್ ಕೊಳವೆಯ ಮೇಲೆ ಹಿತ್ತಾಳೆಯ ಆಲಿವ್ (ಸೋರದಂತೆ ಒತ್ತಿ ಹಿಡಿಯುವ ಚಿಕ್ಕ ಬಳೆ) ಏರಿಸಬೇಕು. ಹೆಣಿಗೆ ಪೂರ್ತಿ ಆಲಿವಿನ ಹೊರಗಡೆ ಇರಬೇಕು. ಒಂದೇ ಒಂದು ತಂತಿ ಆಲಿವ್ ಮತ್ತು ಟೆಫ್ಲಾನಿನ ನಡುವೆ ಸಿಕ್ಕರೆ ಅಲ್ಲೇ ಸೋರುತ್ತದೆ. ಟೆಫ್ಲಾನ್ ತುದಿ ಆಲಿವಿನ ಒಳಮೆಟ್ಟಿಲಿಗೆ ಮುಟ್ಟಿದೆಯೇ ಎಂದು ಬೆಳಕು ಹಿಡಿದು ನೋಡಿ. ಆಮೇಲೆ ಫಿಟ್ಟಿಂಗಿನ ಮೂಗನ್ನು ಒಳಗೆ ತೂರಿಸಿ, ಮೆತ್ತನೆ ದವಡೆಯ ವೈಸಿನಲ್ಲಿ ಹಿಡಿದು ನಟ್ ಬಿಗಿ ಮಾಡುವುದು. ತಯಾರಕರ ಹಾಳೆಯಲ್ಲಿ ಕೊನೆಗೆ ಎಷ್ಟು ಸಂದು ಉಳಿಯಬೇಕು ಅಂತ ಇರುತ್ತದೆ, ಅದನ್ನು ಮೀರಿ ಬಿಗಿಯಬೇಡಿ. ಬಿಚ್ಚಿದರೆ ಆಲಿವ್ ಹೊಸದೇ ಬೇಕು. ಒಬ್ಬರ ಹೋಸಿಗೆ ಇನ್ನೊಬ್ಬರ ಫಿಟ್ಟಿಂಗ್ ಸೇರಿಸಬೇಡಿ, ಗಾತ್ರ ಒಂದೇ ಎಂದು ಬರೆದಿದ್ದರೂ ಸಹ.

ನನ್ನ ಅಭಿಪ್ರಾಯ ಕೇಳಿದರೆ, ಮುಂದಿನ ಬ್ರೇಕಿಗೆ ಅಳತೆ ಕೊಟ್ಟು ಕ್ರಿಂಪ್ ಮಾಡಿಸಿದ, ಪರೀಕ್ಷೆಯಾದ ಹೋಸನ್ನೇ ತರಿಸಿ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 106 ನಿಯಮದಲ್ಲಿ ಹೈಡ್ರಾಲಿಕ್ ಬ್ರೇಕ್ ಹೋಸ್ ಜೋಡಣೆ 4,000 ಪಿಎಸ್‌ಐ ನೀರಿನ ಒತ್ತಡವನ್ನು 2 ನಿಮಿಷ ತಡೆಯಬೇಕು, 3 ಮಿಮೀ ಅಥವಾ ಅದಕ್ಕಿಂತ ಸಣ್ಣ ಹೋಸ್ 7,000 ಪಿಎಸ್‌ಐವರೆಗೆ ಒಡೆಯಬಾರದು, ಬಳುಕುವ ಯಂತ್ರದ ಮೇಲೆ 35 ಗಂಟೆ ನಿರಂತರ ತಿರುಗಿಯೂ ಉಳಿಯಬೇಕು. ಮನೆಯ ವೈಸಿನಲ್ಲಿ ಜೋಡಿಸಿದ್ದನ್ನು ಹೀಗೆ ಪರೀಕ್ಷಿಸುವ ಸಾಧನ ನಮ್ಮಲ್ಲಿ ಇರುವುದಿಲ್ಲ. ಗುರುತಿನ ಮುದ್ರೆ ಇಲ್ಲದ ಹೋಸನ್ನು ಕೆಲವು ದೇಶಗಳ ವಾಹನ ತಪಾಸಣೆಯಲ್ಲಿ ಒಪ್ಪುವುದೂ ಇಲ್ಲ.

ಬಾಂಜೋಬೋಲ್ಟ್

ನಾನು ಮನೆಯಲ್ಲೇ ಜೋಡಿಸ್ತೀನಿ, ಅದರ ಮೇಲೆ ನನಗೆ ನಂಬಿಕೆ ಇದೆ. ಆದ್ರೂ ಮೊದಲ ಸಲ ಮಾಡೋರಿಗೆ ಮೇಷ್ಟ್ರು ಹೇಳಿದ್ದೇ ಸರಿ. ಅಳತೆ ನಿಖರವಾಗಿದ್ರೆ ಮಾಡಿಸಿದ ಹೋಸ್ ಸೀದಾ ಬಂದು ಕೂರುತ್ತೆ. ಕಿಟ್‌ನ ನಿಜವಾದ ಉಪಯೋಗ ಇರೋದು ದಾರಿ ಇನ್ನೂ ತೀರ್ಮಾನ ಆಗಿರದ ಗಾಡಿಗಳಲ್ಲಿ.

ಗಡಗಡ

ಮಧ್ಯೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ನನ್ನದು 1970ರ ದಶಕದ ಬಿಎಂಡಬ್ಲ್ಯು, ಮಾಸ್ಟರ್ ಸಿಲಿಂಡರ್ ಟ್ಯಾಂಕಿನ ಕೆಳಗಿದೆ, ಲಿವರ್‌ನಿಂದ ಅಲ್ಲಿಗೆ ಕೇಬಲ್ ಹೋಗುತ್ತೆ. ಅಲ್ಲಿಂದ ಮುಂದಕ್ಕೆ ಲೋಹದ ಪೈಪ್ ಇದೆ, ಅದೂ ತುಕ್ಕು ಹಿಡಿದಿದೆ. ತಾಮ್ರದ ಪೈಪ್ ಬಾಗಿಸಿ ಹಾಕಬಹುದಾ?

ಲೇತ್‌ಮೇಷ್ಟ್ರು

ಶುದ್ಧ ತಾಮ್ರ ಬೇಡ. ಕಂಪನದಿಂದ ಗಡುಸಾಗಿ, ದಣಿದು ಬಿರುಕು ಬಿಡುತ್ತದೆ. ತಾಮ್ರ ಮತ್ತು ನಿಕಲ್ ಮಿಶ್ರಲೋಹದ ಬ್ರೇಕ್ ಪೈಪ್ ಸಿಗುತ್ತದೆ, 90 ಭಾಗ ತಾಮ್ರ, 10 ಭಾಗ ನಿಕಲ್. ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ, ಫ್ಲೇರ್ ಮಾಡುವುದೂ (ಜೋಡಣೆಗಾಗಿ ತುದಿಯನ್ನು ಅರಳಿಸುವುದು) ಸುಲಭ. ಸ್ಟೇನ್‌ಲೆಸ್ ಪೈಪ್ ನೋಡಲು ಚೆಂದ, ಫ್ಲೇರ್ ಮಾಡುವಾಗ ಕಷ್ಟ ಕೊಡುತ್ತದೆ.

ಫ್ಲೇರಿನ ಬಗೆಯನ್ನು ಹಳೆಯ ಪೈಪಿನ ತುದಿಯಿಂದ ಗುರುತಿಸಿ. 45 ಡಿಗ್ರಿಯ ಜೋಡಿ ಫ್ಲೇರ್, ಗುಳ್ಳೆಯಾಕಾರದ ಐಎಸ್‌ಒ ಫ್ಲೇರ್, 37 ಡಿಗ್ರಿಯ ಫ್ಲೇರ್ ಇವು ಒಂದರ ಸೀಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಂ10 ಮತ್ತು 3/8 ಇಂಚಿನ ಗೊಂದಲ ಇಲ್ಲಿನ ನಟ್‌ಗಳಲ್ಲೂ ಇದೆ, ಗೇಜ್ ಇಲ್ಲದೆ ಮುಂದುವರಿಯಬೇಡಿ.

ಎರಡುಚಕ್ರ

ಹೋಸ್ ಬಂದು ಕೂರಿಸಿದ್ದೂ ಆಯ್ತು, ಉದ್ದ ಸರಿಯಾಗಿದೆ. ಆದ್ರೆ ಎಷ್ಟು ಬ್ಲೀಡ್ ಮಾಡಿದ್ರೂ ಲಿವರ್ ಸ್ಪಂಜಿನ ಹಾಗೇ ಇದೆ. ಎಲ್ಲೂ ಸೋರ್ತಿಲ್ಲ. ಡಾಟ್ 4 ಹಾಕಿದ್ದೀನಿ.

ಮಳೆಸವಾರ

ಪೂರ್ತಿ ಖಾಲಿ ಹೋಸ್‌ನಲ್ಲಿ ಮೇಲಿಂದ ಪಂಪ್ ಮಾಡಿದ್ರೆ ಗಾಳಿ ಕೆಳಗೆ ಹೋಗೋಕೆ ಒಪ್ಪಲ್ಲ, ಅದರ ಸ್ವಭಾವ ಮೇಲೇರೋದು. ಸಿರಿಂಜಿನಲ್ಲಿ ಹೊಸ ದ್ರವ ತುಂಬಿ ಕ್ಯಾಲಿಪರ್ ನಿಪ್ಪಲ್‌ನಿಂದ ನಿಧಾನಕ್ಕೆ ಮೇಲಕ್ಕೆ ತಳ್ಳಿ. ಮೇಲಿನ ಟ್ಯಾಂಕ್ ತುಂಬಿ ಚೆಲ್ಲದ ಹಾಗೆ ಒಬ್ಬರು ನೋಡ್ತಿರಲಿ. ಹ್ಯಾಂಡಲ್ ತಿರುಗಿಸಿ ಮಾಸ್ಟರ್‌ನ ಬ್ಯಾಂಜೋ ಇಳಿಜಾರಿನಲ್ಲಿ ಇರೋ ಹಾಗೆ ಮಾಡಿ, ಬಟ್ಟೆ ಸುತ್ತಿ ಆ ಬೋಲ್ಟನ್ನ ಸ್ವಲ್ಪ ಸಡಿಲಿಸಿ, ಲಿವರ್ ಒತ್ತಿ, ಬಿಗಿ ಮಾಡಿ, ಬಿಡಿ. ಅಲ್ಲಿ ಸಿಕ್ಕ ಗುಳ್ಳೆಯನ್ನ ನಿಪ್ಪಲ್‌ನಿಂದ ತೆಗೆಯೋದು ಕಷ್ಟ. ಕ್ಯಾಲಿಪರ್ ಬಿಚ್ಚಿದ್ದರೆ ಎಡದ್ದು ಬಲಕ್ಕೆ ಹೋಗಿಲ್ಲ ತಾನೇ? ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲೇ ಇರಬೇಕು.

ಗಟ್ಟಿಯಾದ ಮೇಲೆ ಲಿವರನ್ನ ಬಿಗಿಯಾಗಿ ಹ್ಯಾಂಡಲಿಗೆ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಂದೊಂದು ಜೋಡಣೆಗೂ ಬಿಳಿ ಕಾಗದ ಒತ್ತಿ ನೋಡಿ, ಸ್ವಲ್ಪ ತೇವ ಇದ್ದರೂ ಗೊತ್ತಾಗುತ್ತೆ. ಬೋಲ್ಟಿನ ಟಾರ್ಕ್ ನಿಮ್ಮ ಗಾಡಿಯ ಕೈಪಿಡಿಯಿಂದಲೇ ತಗೊಳ್ಳಿ. ಅಲ್ಯೂಮಿನಿಯಂ ಬೋಲ್ಟ್ ಹಾಕಿದ್ದರೆ ಸ್ಟೀಲಿನ ಅಂಕಿ ಬಳಸಬೇಡಿ, ಮುರಿಯುತ್ತೆ.

ಹಳೇಲೋಹ

ಡಾಟ್ 4ರಲ್ಲೇ ಇರಿ. ಡಾಟ್ 5 ಸಿಲಿಕೋನ್, ಅದನ್ನು ಗ್ಲೈಕಾಲ್ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಹೆಸರಿನಲ್ಲಿ ಅದಕ್ಕೆ ಹತ್ತಿರ ಕಂಡರೂ ಗ್ಲೈಕಾಲ್ ಆಧಾರಿತವೇ.

ಎರಡುಚಕ್ರ

ಮಾಸ್ಟರ್ ಬ್ಯಾಂಜೋದಲ್ಲೇ ಗಾಳಿ ಇತ್ತು! ಈಗ ಲಿವರ್ ಕಲ್ಲಿನಷ್ಟು ಗಟ್ಟಿ, ರಾತ್ರಿ ಕಟ್ಟಿಟ್ಟು ನೋಡಿದೆ, ಕಾಗದ ಒಣಗಿಯೇ ಇತ್ತು. ಎಡ ಕ್ಯಾಲಿಪರ್‌ನ ಹಿಡಿತವೂ ಹೋಯ್ತು. ಉಳಿದಿರೋದು ಬ್ರೇಕ್ ಲೈಟ್. ಬ್ಲಾಕ್ ತೆಗೆದ ಮೇಲೆ ಸ್ವಿಚ್ ಎಲ್ಲಿ ಕೂರಿಸಲಿ?

ಬಾಂಜೋಬೋಲ್ಟ್

ಬ್ಯಾಂಜೋ ಬೋಲ್ಟಿನ ತಲೆಯಲ್ಲೇ ಒತ್ತಡದ ಸ್ವಿಚ್ ಇರೋದು ಸಿಗುತ್ತೆ. ನಿಮಗೆ ಬೇಕಾದದ್ದು ಎಂ10, 1.25 ಪಿಚ್, ಮತ್ತು ಎರಡು ಬ್ಯಾಂಜೋ ಹಿಡಿಯೋವಷ್ಟು ಉದ್ದದ್ದು. ಮಾಸ್ಟರ್‌ನಲ್ಲಿ ಈಗಿರೋ ಬೋಲ್ಟಿನ ಜಾಗಕ್ಕೆ ಅದನ್ನ ಹಾಕಿ, ಮೂರೂ ವಾಷರ್ ಹೊಸದು, ಆಮೇಲೆ ಅಲ್ಲಿ ಮತ್ತೆ ಗಾಳಿ ತೆಗೀಬೇಕು. ಹಾಕೋ ಮುಂಚೆ ಒಂದು ಯೋಚಿಸಿ: ಒತ್ತಡದ ಸ್ವಿಚ್ ಲಿವರನ್ನ ಒಂದಿಷ್ಟು ಒತ್ತಿದ ಮೇಲಷ್ಟೇ ಲೈಟ್ ಹತ್ತಿಸುತ್ತೆ. ಹಗುರವಾಗಿ ಬ್ರೇಕ್ ತಾಗಿಸಿ ವೇಗ ಇಳಿಸುವಾಗ ಹಿಂದಿನವರಿಗೆ ಲೈಟ್ ಕಾಣದೇ ಇರಬಹುದು. ನಿಮ್ಮ ಲಿವರ್ ಬುಡದಲ್ಲಿ ಮೈಕ್ರೋ ಸ್ವಿಚ್ಚಿಗೆ ಸ್ಕ್ರೂ ರಂಧ್ರ ಇದೆಯಾ ನೋಡಿ. ಇದ್ದರೆ ಅದನ್ನೇ ಹಾಕಿ, ಎರಡು ವೈರ್ ಅಷ್ಟೇ, ದ್ರವದ ಕಡೆ ಏನೂ ಮುಟ್ಟಬೇಕಿಲ್ಲ.